ದೋಸೆಗೆ ಐದು ಸ್ಟಾರ್, ರ‍್ಯಾಂಪ್‌ಗೆ ಒಂದೇ

ದೋಸೆ ಬಗ್ಗೆ ತಕರಾರಿಲ್ಲ. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೊಂದು ಬೆಣ್ಣೆ ಮುದ್ದೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ದಾವಣಗೆರೆ ಹೆಸರು ಉಳಿಸುವಂಥದ್ದೇ. ಆದರೆ ನಾನು ವೀಲ್‌ಚೇರ್‌ನಲ್ಲಿ ಓಡಾಡುವವಳು, ನನಗೆ ಹೋಟೆಲ್ ಶುರುವಾಗುವುದು ಬಾಗಿಲ ಹೊರಗೇ.

ಹೊರಡುವ ಮುಂಚೆ ಫೋನ್ ಮಾಡಿ ಕೇಳಿದ್ದೆ. "ರ‍್ಯಾಂಪ್ ಐತ್ರಿ ಮೇಡಂ, ಬರ್ರಿ" ಅಂದರು. ಇದೆ, ಸುಳ್ಳಲ್ಲ. ಆದರೆ ಅದು ಬೈಕ್ ಹತ್ತಿಸುವುದಕ್ಕೆ ಹಾಕಿದ್ದು. 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಇರಬೇಕು ಅನ್ನುವುದು ಲೆಕ್ಕ, ಇಲ್ಲಿ ಅದರ ಕಾಲು ಭಾಗವೂ ಇಲ್ಲ. ನನ್ನ ತಮ್ಮ ಹಿಂದಿನಿಂದ ತಳ್ಳಿ, ಸಪ್ಲೈಯರ್ ಒಬ್ಬರು ಮುಂದೆ ಹಿಡಿದು, ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿ, ಅಂತೂ ಒಳಗೆ ಬಂದೆ. ಇಳಿಯುವಾಗ ಮಾತ್ರ ಹಿಮ್ಮುಖವಾಗಿಯೇ ಇಳಿಸಿ ಅಂತ ನಾವೇ ಹೇಳಬೇಕು, ಇಲ್ಲದಿದ್ದರೆ ಮುಗ್ಗರಿಸುವುದು ಖಂಡಿತ.

ಒಳಗೆ ಕುರ್ಚಿಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಹಾಗಾಗಿ ಟೇಬಲ್ ತುದಿಯಲ್ಲಿ, ಓಡಾಡುವ ದಾರಿಗೆ ಅಡ್ಡ ಕೂತು, ಪಕ್ಕಕ್ಕೆ ತಿರುಗಿ ತಿಂದೆ. ಬೇಸಿನ್ ಎತ್ತರ, ಕೆಳಗೆ ಬಕೆಟ್ ಬೇರೆ. ಕೇಳುವ ಮುಂಚೆಯೇ ಸಪ್ಲೈಯರ್ ಒಂದು ಜಗ್ಗಿನಲ್ಲಿ ನೀರು, ತಟ್ಟೆ ತಂದಿಟ್ಟರು. ಅವರಿಗೆ ಬೇಕಾದರೆ ಐದರ ಮೇಲೂ ಕೊಡುತ್ತೇನೆ. ಟಾಯ್ಲೆಟ್ ಬಾಗಿಲಿನಲ್ಲಿ ಕುರ್ಚಿ ತೂರಲಿಲ್ಲ. 90 ಸೆಂ.ಮೀ. ಅಗಲ ಬೇಕು, ಅಲ್ಲಿ ನನ್ನ ಚಕ್ರವೇ ಚೌಕಟ್ಟಿಗೆ ತಾಗಿತು. ಅದಕ್ಕೇ ಎರಡನೇ ಕಾಫಿ ಬೇಡ ಅಂದೆ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಜನ ಬಳಸುವ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ಮಾಲೀಕರಿಗೆ ಹೇಳಿದೆ. "ಮಾಡ್ಸೋಣ ಬಿಡ್ರಿ" ಅಂದರು. ನೋಡೋಣ.

ಊರಲ್ಲಿ ಓಡಾಡಲು ಆಟೋನೇ ಗತಿ. ಮಡಚುವ ಕುರ್ಚಿ ಇದ್ದರೆ ಹಿಂದೆ ಹಾಕಬಹುದು, ಹಗ್ಗ ಮಾತ್ರ ನೀವೇ ತಗೊಂಡು ಹೋಗಿ. ಫುಟ್‌ಪಾತ್ ನಂಬಬೇಡಿ. ಹತ್ತುವ ಕಡೆ ಇಳಿಜಾರಿದ್ದರೆ ಇಳಿಯುವ ಕಡೆ ಮೆಟ್ಟಿಲು, ನಡುವೆ ಒಂದು ಕಂಬ. ಮರುದಿನ ಚಿತ್ರದುರ್ಗ ಕೋಟೆಗೂ ಹೋಗೋಣ ಅನ್ನುವವರು, ಒಳಗೆ ಮೆಟ್ಟಿಲು, ಬಂಡೆ ಜಾಸ್ತಿ ಅನ್ನುವುದು ನೆನಪಿರಲಿ. ಓಬವ್ವನ ಕಿಂಡಿಗಂತೂ ಕುರ್ಚಿಯಲ್ಲಿ ಹೋಗುವ ಮಾತೇ ಇಲ್ಲ.

ಪಾರ್ಸೆಲ್ ತಗೊಳ್ಳಿ ಅಂತ ಸಲಹೆ ಕೊಡಬೇಡಿ. ಡಬ್ಬಿಯಲ್ಲಿ ಬೆವತ ಬೆಣ್ಣೆ ದೋಸೆ ಯಾರಿಗೆ ಬೇಕು? ಹೋಗುವುದಾದರೆ ಬೆಳಗಿನ ತಿಂಡಿ ಗದ್ದಲ ಮುಗಿದ ಮೇಲೆ ಹೋಗಿ, ಬಾಗಿಲ ಪಕ್ಕದ ಟೇಬಲ್ ಕೇಳಿ, ತಳ್ಳಲು ಒಬ್ಬರನ್ನಾದರೂ ಕರೆದುಕೊಂಡು ಹೋಗಿ.