ಟೆಹ್ರಾನ್ ಬಿಕ್ಕಟ್ಟು ಯುದ್ಧವಾಗಿದ್ದರೆ: ದಾವಣಗೆರೆಯಲ್ಲಿ ತಯಾರಾದ ಒಂದು ಬೋರ್ಡ್ ಗೇಮ್

ದಾವಣಗೆರೆಯ ಪಿ.ಜೆ. ಬಡಾವಣೆಯ ಸ್ಟೇಷನರಿ ಅಂಗಡಿಯೊಂದರ ಮಹಡಿಯ ಮೇಲೆ ಬೋರ್ಡ್ ಗೇಮ್‌ಗಳನ್ನು ಗಂಟೆಯ ಲೆಕ್ಕದಲ್ಲಿ ಆಡಲು ಕೊಡುವ ಕೇಂದ್ರವಿದೆ. ಊರಿನದೇ ಕೆಲವು ಯುವಕರು ಕನ್ನಡದಲ್ಲಿ ತಯಾರಿಸಿ ಅಲ್ಲಿಟ್ಟಿರುವ ಒಂದು ಆಟವನ್ನು ಕುರಿತು ಈ ಬರಹ. 1979ರ ನವೆಂಬರ್ 4ರಂದು ಟೆಹ್ರಾನಿನ ಅಮೆರಿಕ ರಾಯಭಾರ ಕಚೇರಿಗೆ ಇರಾನಿನ ವಿದ್ಯಾರ್ಥಿಗಳು ನುಗ್ಗಿ ಸಿಬ್ಬಂದಿಯನ್ನು ಒತ್ತೆ ಹಿಡಿದಲ್ಲಿಂದ ಆಟ ಶುರುವಾಗುತ್ತದೆ. ಆ ಬಿಕ್ಕಟ್ಟು 444 ದಿನಗಳ ನಂತರ, 1981ರ ಜನವರಿ 20ರಂದು, 52 ಮಂದಿ ಒತ್ತೆಯಾಳುಗಳ ಬಿಡುಗಡೆಯೊಂದಿಗೆ ಮುಗಿಯಿತು. ಆಟದಲ್ಲಿ ಅದು ಹಾಗೆಯೇ ಮುಗಿಯಬೇಕೆಂಬ ಕಟ್ಟುಪಾಡಿಲ್ಲ. ಅದನ್ನು ಯುದ್ಧದವರೆಗೆ ಎಳೆದೊಯ್ಯುವ ಅಥವಾ ತಡೆದು ನಿಲ್ಲಿಸುವ ಹೊಣೆ ಆಟಗಾರರದು.

ಕ್ಯಾಸ್ಪಿಯನ್ ಸಮುದ್ರದಿಂದ ಹಾರ್ಮುಜ್ ಜಲಸಂಧಿಯವರೆಗಿನ ನಕ್ಷೆಯನ್ನು ಫ್ಲೆಕ್ಸ್ ಮೇಲೆ ಮುದ್ರಿಸಲಾಗಿದೆ. ಅಮೆರಿಕ, ಇರಾನ್, ಸೋವಿಯತ್ ಒಕ್ಕೂಟ ಮತ್ತು ಇರಾಕ್ ಎಂದು ನಾಲ್ವರು ಆಡುತ್ತಾರೆ. ತಿಂಗಳಿಗೊಂದರಂತೆ 15 ಸುತ್ತುಗಳು. ಮೊದಲ ದಿನ ಸೆರೆಸಿಕ್ಕವರ ಲೆಕ್ಕಕ್ಕೆ 66 ಮರದ ಬಿಲ್ಲೆಗಳಿದ್ದು, ಮಹಿಳೆಯರು ಮತ್ತು ಕಪ್ಪು ವರ್ಣೀಯ ಸಿಬ್ಬಂದಿ ಎಂದು ನವೆಂಬರಿನಲ್ಲೇ ಬಿಡುಗಡೆಯಾದ 13 ಮಂದಿಯ ಬಿಲ್ಲೆಗಳನ್ನು ಮೊದಲ ಸುತ್ತಿನ ಕೊನೆಗೆ ತೆಗೆದಿಡಬೇಕು. ಇಂಥ ಸಣ್ಣ ವಿವರಗಳಲ್ಲಿ ತಯಾರಕರು ಎಲ್ಲಿಯೂ ಕೈತಪ್ಪಿಲ್ಲ.

ದಾಳದ ಬದಲು ಕವಡೆ ಬಳಸಿರುವುದು ಚೌಕಾಬಾರ ಆಡಿ ಬೆಳೆದವರಿಗೆ ಖುಷಿ ಕೊಡುತ್ತದೆ. ಅದರ ನಿಜವಾದ ಬೆಲೆ ತಿಳಿಯುವುದು 1980ರ ಏಪ್ರಿಲ್ ಸುತ್ತಿನಲ್ಲಿ. ನಿಮಿಟ್ಜ್ ನೌಕೆಯಿಂದ ಹೊರಟ ಎಂಟು ಹೆಲಿಕಾಪ್ಟರುಗಳಲ್ಲಿ ಕನಿಷ್ಠ ಆರು ಸುಸ್ಥಿತಿಯಲ್ಲಿದ್ದರೆ ಮಾತ್ರ ತಬಸ್ ಬಳಿಯ ಮರುಭೂಮಿಯಿಂದ ಮುಂದುವರಿಯುವುದು ಒತ್ತೆಯಾಳುಗಳನ್ನು ಬಿಡಿಸಿ ತರಲು ಅಮೆರಿಕ ಹಾಕಿದ್ದ ಯೋಜನೆಯಾಗಿತ್ತು. ಒಂದು ದಾರಿಯಲ್ಲೇ ಇಳಿಯಿತು, ಇನ್ನೊಂದು ದೂಳಿನ ಹೊಡೆತಕ್ಕೆ ಹಿಂದಿರುಗಿತು, ಮೂರನೆಯದು ತಲುಪಿದ ಮೇಲೆ ಕೆಟ್ಟು ನಿಂತಿತು, ಐದೇ ಉಳಿದವು. ಮರಳುವ ಹೊತ್ತಿಗೆ ಒಂದು ಹೆಲಿಕಾಪ್ಟರ್ ಸಿ-130 ವಿಮಾನಕ್ಕೆ ಬಡಿದು ಎಂಟು ಮಂದಿ ಸತ್ತರು. ಆಟದಲ್ಲಿ ಅಮೆರಿಕದ ಆಟಗಾರ ಎಂಟು ಕವಡೆಗಳನ್ನು ಒಟ್ಟಿಗೆ ಎಸೆಯುತ್ತಾನೆ; ಆರಾದರೂ ಅಂಗಾತ ಬೀಳಬೇಕು. ಐದು ಬಿದ್ದಾಗ ಮೇಜಿನ ಸುತ್ತ ಏಳುವ ಗದ್ದಲವನ್ನು ಕೇಳಿಯೇ ಅನುಭವಿಸಬೇಕು. ಆದರೆ ಇಲ್ಲೊಂದು ತಕರಾರು ಇದೆ. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ ಎಂಟರಲ್ಲಿ ಆರು ಅಥವಾ ಹೆಚ್ಚು ಅಂಗಾತ ಬೀಳುವ ಸಾಧ್ಯತೆ ಸುಮಾರು ಏಳಕ್ಕೆ ಒಂದು. ಅಷ್ಟು ಕಡಿಮೆ ಭರವಸೆಯ ಯೋಜನೆಗೆ ಯಾವ ಅಧ್ಯಕ್ಷನೂ ಸಹಿ ಹಾಕುತ್ತಿರಲಿಲ್ಲ. ಮಗುಚಿ ಬಿದ್ದ ಕವಡೆಗಳನ್ನು ಮತ್ತೊಮ್ಮೆ ಎಸೆಯಲು ಅವಕಾಶ ಕೊಟ್ಟರೆ ಈ ದೋಷ ನೀಗುತ್ತದೆ.

ಯುದ್ಧದ ದಾರಿಯನ್ನು ಹೆಣೆದಿರುವ ರೀತಿ ಮೆಚ್ಚುವಂಥದ್ದು. ಒತ್ತೆಯಾಳುಗಳನ್ನು ವಿಚಾರಣೆಗೆ ಗುರಿಪಡಿಸಿದರೆ ಇರಾನಿನ ವ್ಯಾಪಾರಕ್ಕೆ ತಡೆ, ಅವರಿಗೆ ಪ್ರಾಣಾಪಾಯವಾದರೆ ಸೇನಾ ಕ್ರಮ ಎಂದು ಆಗಿನ ಅಮೆರಿಕ ಅಧ್ಯಕ್ಷ ಕಾರ್ಟರ್ ಆಡಳಿತ ನಿಜವಾಗಿಯೂ ಎಚ್ಚರಿಸಿತ್ತು. ಇರಾನಿನ ಬಂದರುಗಳ ನೀರಿನಲ್ಲಿ ಸಿಡಿಮದ್ದು (ಮೈನ್) ಹುದುಗಿಸುವ ಆಲೋಚನೆಯೂ ಅವರ ಮುಂದಿತ್ತು. ಇರಾನಿನ ಆಟಗಾರ 'ವಿಚಾರಣೆ' ಕಾರ್ಡನ್ನು ಮೇಜಿನ ಮೇಲಿಟ್ಟ ಕ್ಷಣದಿಂದ ಈ ಸರಪಳಿ ಬಿಚ್ಚಿಕೊಳ್ಳುತ್ತದೆ: ಬಂದರಿನ ದಿಗ್ಬಂಧನ, ಖಾರ್ಗ್ ದ್ವೀಪದ ತೈಲ ಸಾಗಣೆಗೆ ಪೆಟ್ಟು, ಆಬಾದಾನ್ ಶುದ್ಧೀಕರಣ ಘಟಕದ ಮೇಲೆ ದಾಳಿ. ಆಗ ಸೋವಿಯತ್ ಆಟಗಾರನಿಗೆ ಇರಾನಿನೊಡನೆ ಮಾಡಿಕೊಂಡಿದ್ದ 1921ರ ಒಪ್ಪಂದದ ನೆಪದಲ್ಲಿ ಉತ್ತರ ಇರಾನಿಗೆ ಇಳಿಯುವ ಅವಕಾಶ ತೆರೆಯುತ್ತದೆ. ಸೇನೆ ನುಗ್ಗಿಸಲು ಅವಕಾಶ ಕೊಡುವ ಆ ಕಲಮುಗಳನ್ನು ಇರಾನ್ ರಾಯಭಾರ ಕಚೇರಿ ವಶವಾದ ಮರುದಿನವೇ ರದ್ದೆಂದು ಸಾರಿದ್ದನ್ನು ತಯಾರಕರು ಮರೆತಿಲ್ಲ; ಸೋವಿಯತ್ ಪಡೆ ಹೀಗೆ ಇಳಿದರೆ ಅದುವರೆಗೆ ಅಮೆರಿಕದ ವಿರುದ್ಧ ಮಾತ್ರ ಇದ್ದ ಇರಾನ್ ಇಬ್ಬರ ವಿರುದ್ಧವೂ ಆಡತೊಡಗುತ್ತದೆ. 1979ರ ಡಿಸೆಂಬರಿನ ಸುತ್ತಿನಲ್ಲಿ ಅರ್ಧ ಸೋವಿಯತ್ ಪಡೆ ಅಫ್ಘಾನಿಸ್ತಾನದಲ್ಲಿ ಸಿಕ್ಕಿಹಾಕಿಕೊಳ್ಳುವುದರಿಂದ ಅವಕಾಶವಿದ್ದರೂ ಕೈ ಹಾಕಲು ಆ ಆಟಗಾರ ಹಿಂದೆಮುಂದೆ ನೋಡುತ್ತಾನೆ.

ಇಷ್ಟು ಜಾಣತನ ತೋರಿದವರು ಇರಾನನ್ನು ಒಬ್ಬನೇ ಆಟಗಾರನ ಕೈಗೆ ಕೊಟ್ಟದ್ದು ಈ ಆಟದ ದೊಡ್ಡ ಕೊರತೆ. ಇರಾನ್ ಆಡುವವನು ಬೇಕೆಂದಾಗ ಬಿಲ್ಲೆಗಳನ್ನು ಬಿಡಬಹುದು, ಬೇಕೆಂದಾಗ ವಿಚಾರಣೆಗೆ ಎಳೆಯಬಹುದು. ಚರಿತ್ರೆಯಲ್ಲಿ ಅಂಥ ಒಂದೇ ಕೈ ಎಲ್ಲಿತ್ತು? ಪ್ರಧಾನಿ ಬಜಾರ್‌ಗಾನ್ ಸರ್ಕಾರ ಎರಡೇ ದಿನಗಳಲ್ಲಿ ರಾಜೀನಾಮೆ ಕೊಟ್ಟಿತು. 1980ರ ಜನವರಿಯಲ್ಲಿ ಅಧ್ಯಕ್ಷರಾಗಿ ಗೆದ್ದ ಬನಿಸದ್ರ್ ಒತ್ತೆಯಾಳುಗಳನ್ನು ಸರ್ಕಾರದ ವಶಕ್ಕೆ ತರಲು ಯತ್ನಿಸಿದರೂ ಅದು ಕೈಗೂಡಲಿಲ್ಲ. ತೀರ್ಮಾನ ಇನ್ನೂ ಚುನಾಯಿತವಾಗಿರದ ಮಜ್ಲಿಸ್‌ನದು, ಅಂದರೆ ಸಂಸತ್ತಿನದು, ಎಂದು ಕ್ರಾಂತಿಯ ನಾಯಕ ಖೊಮೇನಿ ಫೆಬ್ರವರಿಯಲ್ಲಿ ಹೇಳಿದ ಮೇಲೆ ಮಾತುಕತೆ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಬಿಕ್ಕಟ್ಟು ಬೇಗ ಮುಗಿಯದಿರಲು ಈ ಒಡಕು ಕಾರಣ. ಅದು ಯುದ್ಧಕ್ಕೆ ಏರದಿರಲೂ ಇದೇ ಒಡಕು ಸ್ವಲ್ಪಮಟ್ಟಿಗೆ ಕಾರಣ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒತ್ತೆಯಾಳುಗಳನ್ನು ಕೊಲ್ಲುವ ನಿರ್ಧಾರವನ್ನಾಗಲೀ ಬಿಡುವ ನಿರ್ಧಾರವನ್ನಾಗಲೀ ಒಬ್ಬರೇ ತೆಗೆದುಕೊಳ್ಳುವಂತಿರಲಿಲ್ಲ. ಆಟದಲ್ಲಿ ಅದು ಇಲ್ಲವಾದ್ದರಿಂದ ಬಿಸಿರಕ್ತದ ಹುಡುಗನೊಬ್ಬ ಇರಾನ್ ಆಗಿ ಕುಳಿತರೆ ಮೂರನೇ ಸುತ್ತಿಗೇ ಯುದ್ಧ. ಅಧ್ಯಕ್ಷ ಮತ್ತು ವಿದ್ಯಾರ್ಥಿಗಳು ಎಂದು ಇರಾನನ್ನು ಇಬ್ಬರಿಗೆ ಹಂಚಿ, ಇಬ್ಬರೂ ಒಪ್ಪಿದ ಕಾರ್ಡು ಮಾತ್ರ ನಡೆಯುತ್ತದೆ ಎಂದು ನಾವೇ ನಿಯಮ ಮಾಡಿಕೊಂಡು ಆಡಿದಾಗ ಆಟದ ಸ್ವರೂಪವೇ ಬದಲಾಯಿತು.

ಇರಾಕನ್ನು ಅಮೆರಿಕದ ಮಿತ್ರನಂತೆ ನಡೆಸಿರುವುದೂ ಸರಿಯಲ್ಲ. 1967ರಿಂದ 1984ರವರೆಗೆ ಆ ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. 1980ರ ಸೆಪ್ಟೆಂಬರ್ 22ರಂದು ಇರಾಕ್ ತನ್ನ ಲೆಕ್ಕಾಚಾರದಿಂದಲೇ ಇರಾನಿನ ಮೇಲೆ ಬಿತ್ತು. ಕೊನೆಯ ಒಪ್ಪಂದವನ್ನು ಕುದುರಿಸಿದ ಅಲ್ಜೀರಿಯಕ್ಕೆ ಒಂದೇ ಕಾರ್ಡು ಕೊಟ್ಟಿರುವುದು ಜಿಪುಣತನ.

ನಮ್ಮವರಿಗೆಂದೇ ಸೇರಿಸಿರುವ 'ಭಾರತ' ಕಟ್ಟು ತೆಳುವಾಗಿದ್ದರೂ ಸೊಗಸಾಗಿದೆ. ಇರಾನಿನ ದೊರೆ ಶಾ ಅವರ ಆಡಳಿತ ಸಾಲ ಕೊಟ್ಟು ಅದಿರನ್ನೂ ಕೊಳ್ಳುವುದಾಗಿ ಒಪ್ಪಿದ್ದ ಕುದುರೆಮುಖ ಯೋಜನೆ, ಕ್ರಾಂತಿಯ ನಂತರ ಇರಾನ್ ಹಿಂದೆ ಸರಿದಾಗ ಕೊಳ್ಳುವವರಿಲ್ಲದೆ ನಿಂತ ಸಂಗತಿ ಅದರಲ್ಲೊಂದು ಕಾರ್ಡು. ಹಾರ್ಮುಜ್ ಮುಚ್ಚಿದರೆ ಸೀಮೆಎಣ್ಣೆ ಕಾರ್ಡನ್ನು ತಿರುಗಿಸಬೇಕು; ನಮ್ಮೊಡನೆ ಆಡಿದ ನಿವೃತ್ತ ಮೇಷ್ಟ್ರು ಅದನ್ನು ನೋಡಿ, "ಯುದ್ಧ ಆಗದೇನೇ ನ್ಯಾಯಬೆಲೆ ಅಂಗಡಿ ಮುಂದೆ ಡಬ್ಬ ಹಿಡ್ಕೊಂಡು ನಿಂತಿದ್ವಿ, ಆಗಿದ್ರೆ ಕಥೆ ಏನಪ್ಪಾ" ಎಂದರು.

ಕೇಂದ್ರದ ವ್ಯವಸ್ಥೆ ಅಚ್ಚುಕಟ್ಟಾಗಿದೆ. ನಡೆಸುವವರು ನಿಯಮಗಳನ್ನು ತಾಳ್ಮೆಯಿಂದ ಹೇಳಿಕೊಡುತ್ತಾರೆ. ಎರಡು ಗಂಟೆಗೆ ತಲಾ 100 ರೂಪಾಯಿ. ಆದರೆ ಪೂರ್ತಿ ಆಟಕ್ಕೆ ನಾಲ್ಕು ಗಂಟೆ ಬೇಕಾಗುವುದರಿಂದ ಖರ್ಚನ್ನು ದುಪ್ಪಟ್ಟೆಂದೇ ಲೆಕ್ಕ ಹಾಕಿಕೊಳ್ಳಬೇಕು. ಮೇಜಿಗೇ ಮಂಡಕ್ಕಿ, ಮೆಣಸಿನಕಾಯಿ ತರಿಸಿಕೊಡುವ ಔದಾರ್ಯವನ್ನು ಮಾತ್ರ ಅವರು ಕೈಬಿಡುವುದು ಒಳ್ಳೆಯದು: ಖಾರ್ಗ್ ದ್ವೀಪದ ಮೇಲೆ ಈಗಾಗಲೇ ಎಣ್ಣೆಯ ಕಲೆ ಕೂತಿದೆ. ನಕ್ಷೆಯ ಅಕ್ಷರಗಳು ಬಹಳ ಸಣ್ಣವು, ಕನ್ನಡಕ ಮರೆಯಬೇಡಿ. ಭಾನುವಾರ ಪಕ್ಕದ ಕೋಣೆಯಲ್ಲಿ ಹುಟ್ಟುಹಬ್ಬದ ಕೂಟಗಳ ಗಲಾಟೆ ಇರುವುದರಿಂದ ವಾರದ ದಿನದ ಸಂಜೆ, ಮೊದಲೇ ಫೋನ್ ಮಾಡಿ, ಇರಾನನ್ನು ಇಬ್ಬರಿಗೆ ಹಂಚಲು ಸಾಧ್ಯವಾದರೆ ಐದು ಜನರಾಗಿಯೇ ಹೋಗಿ.