ಬಾಯಿಮಾತು, ಏಜೆಂಟ್, ಬರಹ: ಒಂದೇ ಮನೆಯನ್ನು ಮೂರು ರೀತಿ ಬಾಡಿಗೆಗೆ ಕೊಟ್ಟು ನೋಡಿದ್ದು

ಬಾಡಿಗೆಗೆ ಕೊಡಲು ನನಗಿರುವುದು ಒಂದೇ ಮನೆ. ಅದರ ಮೇಲಿನ ಸಾಲದ ಕಂತು ಬಾಡಿಗೆಯಿಂದಲೇ ಹೋಗಬೇಕು. ಹತ್ತು ಮನೆ ಇರುವವರಿಗೆ ಒಬ್ಬರು ಬಾಡಿಗೆ ಕೊಡದಿದ್ದರೆ ಉಳಿದ ಒಂಬತ್ತು ಮನೆ ಕೈ ಹಿಡಿಯುತ್ತವೆ. ನಮ್ಮಂಥವರಿಗೆ ಆ ತಿಂಗಳ ಬಾಡಿಗೆ ಪೂರ್ತಿ ನಿಂತುಹೋಗುತ್ತದೆ. ಬ್ಯಾಂಕಿನ ಕಂತು ಮಾತ್ರ ಅದೇ ತಾರೀಕಿಗೆ ಕಟ್ಟಬೇಕು.

ಇದೇ ಮನೆಯನ್ನು ಮೊದಲು ಬಾಯಿಮಾತಿನ ಮೇಲೆ ಕೊಟ್ಟೆ, ಆಮೇಲೆ ಏಜೆಂಟ್ ಕೈಗೆ ಬಿಟ್ಟೆ, ಈಗ ಎಲ್ಲವನ್ನೂ ಬರೆದಿಟ್ಟುಕೊಂಡು ನಾನೇ ನೋಡಿಕೊಳ್ಳುತ್ತಿದ್ದೇನೆ.

ಬಾಯಿಮಾತಿನ ಮೇಲೆ ಬಂದ ಮೊದಲ ಸಂಸಾರ ಮೂರು ವರ್ಷ ಇತ್ತು, ಒಂದು ದಿನವೂ ತೊಂದರೆ ಆಗಲಿಲ್ಲ. ಖರ್ಚಿಲ್ಲ, ಕಾಗದದ ಗೋಜಿಲ್ಲ. ಹಾಗಾಗಿ ಈ ದಾರಿಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎರಡನೆಯವರು ಬಂದ ಮೇಲೆ ಅದರ ಕೊರತೆ ಕಾಣಿಸಿತು. ಬಾಡಿಗೆ 5ನೇ ತಾರೀಕಿನಿಂದ 12ಕ್ಕೆ ಹೋಯಿತು, 12ರಿಂದ 20ಕ್ಕೆ. ಪ್ರತಿ ಸಲವೂ ‘ಪರವಾಗಿಲ್ಲ’ ಅಂದೆ. ಆಮೇಲೆ ಅರ್ಧರ್ಧ ಬರತೊಡಗಿತು. ಗಟ್ಟಿಯಾಗಿ ಕೇಳಿದ ದಿನ ಅವರು, “ನಿಧಾನಕ್ಕೆ ಕೊಡಿ ಅಂತ ನೀವೇ ಹೇಳಿದ್ರಲ್ಲ ಸಾರ್” ಅಂದರು. ಹೇಳಿದ್ದು ನಿಜ. ಆದರೆ ಎಷ್ಟು ದಿನ, ಎಷ್ಟು ಹಣ ಅಂತ ಎಲ್ಲೂ ಬರೆದಿರಲಿಲ್ಲ. ಬಾಕಿ ನನ್ನ ಲೆಕ್ಕದಲ್ಲಿ ನಾಲ್ಕು ತಿಂಗಳು, ಅವರ ಲೆಕ್ಕದಲ್ಲಿ ಎರಡೂವರೆ.

ನೀರು, ಕರೆಂಟು ಕಟ್ ಮಾಡಿ, ಬೀಗ ಬದಲಾಯಿಸಿ ಅಂತ ಕೆಲವರು ಸಲಹೆ ಕೊಟ್ಟರು. ದಯವಿಟ್ಟು ಆ ಕೆಲಸಕ್ಕೆ ಇಳಿಯಬೇಡಿ. ಬಹುತೇಕ ಎಲ್ಲ ಕಡೆ ಅದು ಕಾನೂನಿಗೆ ವಿರುದ್ಧ. ಬಾಕಿ ಅವರದ್ದೇ ಇದ್ದರೂ ತಪ್ಪು ನಮ್ಮ ತಲೆಗೆ ಬರುತ್ತದೆ. ಅಲ್ಲದೆ ಒಳಗೆ ಮಕ್ಕಳಿದ್ದರು. ಕೋರ್ಟಿಗೆ ಹೋಗಬಹುದಿತ್ತು. ಆದರೆ ಅದು ಮುಗಿಯುವವರೆಗೆ ಬಾಡಿಗೆ ಬರುತ್ತಿರಲಿಲ್ಲ. ಒಂದು ತಿಂಗಳ ಬಾಡಿಗೆ ಅಂದರೆ ವರ್ಷದ ಗಳಿಕೆಯಲ್ಲಿ ನೂರಕ್ಕೆ 8ಕ್ಕೂ ಜಾಸ್ತಿ. ಕೂತು ಮಾತಾಡಿದೆವು. ಎರಡು ತಿಂಗಳದ್ದು ಬಿಟ್ಟೆ, ಉಳಿದದ್ದನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡೆ. ಮಿಕ್ಕ ಅಡ್ವಾನ್ಸನ್ನು ಮನೆ ಪೂರ್ತಿ ಖಾಲಿಯಾಗಿ ಕೀ ಕೈಗೆ ಬಂದ ದಿನ ವಾಪಸ್ ಕೊಟ್ಟೆ. ಹೊಟ್ಟೆ ಉರಿಯಿತು. ಆದರೂ ಇವತ್ತು ಕೇಳಿದರೂ ಅದೇ ಸರಿ ಅನ್ನುತ್ತೇನೆ.

ಆಮೇಲೆ ಏಜೆಂಟ್. ತಿಂಗಳ ಬಾಡಿಗೆಯಲ್ಲಿ ನೂರಕ್ಕೆ 10 ಅವರಿಗೆ. ವರ್ಷಕ್ಕೆ ಲೆಕ್ಕ ಹಾಕಿದರೆ ಒಂದು ತಿಂಗಳ ಬಾಡಿಗೆಗಿಂತ ಸ್ವಲ್ಪ ಹೆಚ್ಚೇ. ಬಾಡಿಗೆದಾರರನ್ನು ಆರಿಸುವುದರಲ್ಲಿ ಅವರು ನನಗಿಂತ ಚುರುಕು. ಸಂಬಳದ ಚೀಟಿ ನೋಡಿದರು, ಹಿಂದಿನ ಮನೆಯ ಮಾಲೀಕರಿಗೆ ಫೋನ್ ಮಾಡಿ ವಿಚಾರಿಸಿದರು. ಹಣ ತಪ್ಪದೆ ಬಂತು. ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮನೆ ಮಾತ್ರ ಒಳಗೊಳಗೇ ಹಾಳಾಗುತ್ತಿತ್ತು. ‘ಈ ಬಾಡಿಗೆಯವರದ್ದು ಬರೀ ತಕರಾರು’ ಅಂತ ಏಜೆಂಟ್ ಹೇಳುತ್ತಿದ್ದರು, ನಾನೂ ನಂಬಿದ್ದೆ. ಒಂದು ದಿನ ನಾನೇ ಹೋದೆ. ಆ ಮನೆಯಾಕೆ ಏನೂ ಮಾತಾಡದೆ ಸಿಂಕಿನ ಕೆಳಗಿನ ಕಪಾಟು ತೆರೆದು ತೋರಿಸಿದರು. ತಳದ ಪ್ಲೈವುಡ್ ಪದರ ಪದರವಾಗಿ ಉಬ್ಬಿತ್ತು. ಬೆರಳಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು. ಹಿಂದಿನ ಗೋಡೆಯಲ್ಲಿ ಅಂಗೈ ಅಗಲಕ್ಕೆ ಕಪ್ಪು ಬೂಷ್ಟು, ಮುಗ್ಗಲು ವಾಸನೆ. ಪೈಪಿನ ಜಾಯಿಂಟಿನಿಂದ ಸೆಕೆಂಡಿಗೊಂದು ಹನಿ ಬೀಳುತ್ತಿತ್ತು. ಕೇಳಲು ಸಣ್ಣದು. ಆದರೆ ದಿನಕ್ಕೆ 86,400 ಹನಿ ಅಂದರೆ ಹತ್ತಿರ ಹತ್ತಿರ 20 ಲೀಟರ್ ನೀರು. ಆಕೆ ಕೆಳಗಿಟ್ಟಿದ್ದ ಬಕೆಟ್ ಮುಕ್ಕಾಲು ತುಂಬಿತ್ತು. ಎರಡು ತಿಂಗಳಿಂದ ಏಜೆಂಟ್‌ಗೆ ಕಳಿಸಿದ್ದ ಮೆಸೇಜುಗಳನ್ನು ತಾರೀಕಿನ ಸಮೇತ ತೋರಿಸಿದರು. ಹನ್ನೊಂದು ಇದ್ದವು. ನನ್ನ ಮನೆಯ ಬಗ್ಗೆ ನನಗಿಂತ ಹೆಚ್ಚು ಕಾಳಜಿ ಇದ್ದದ್ದು ಅವರಿಗೆ. ಅವರನ್ನೇ ನಾನು ತಕರಾರಿನವರು ಅಂದುಕೊಂಡಿದ್ದೆ. ಅವತ್ತು ಕ್ಷಮೆ ಕೇಳಿದೆ. ಅಷ್ಟು ಹೊತ್ತಿಗೆ ಅವರು ಬೇರೆ ಮನೆ ನೋಡಿಯಾಗಿತ್ತು.

ಇನ್ನೊಂದು ವಿಷಯ ಗಮನಿಸಿ. ಹೊಸಬರು ಬಂದಾಗಲೆಲ್ಲ ಏಜೆಂಟ್‌ಗೆ ಬೇರೆ ಕಮಿಷನ್ ಇರುತ್ತದೆ. ಒಳ್ಳೆಯ ಬಾಡಿಗೆದಾರರು ಬಿಟ್ಟುಹೋದರೆ ನಷ್ಟ ನಮಗೆ, ಅವರಿಗಲ್ಲ.

ಈಗಿನ ಪದ್ಧತಿಗೆ ಮೈಮುರಿದು ಕೆಲಸ ಮಾಡಬೇಕು. ಬಾಡಿಗೆ ಯಾವ ತಾರೀಕು, ಎಷ್ಟು ದಿನ ತಡವಾದರೆ ದಂಡ, ಯಾವ ರಿಪೇರಿ ಯಾರದ್ದು, ಯಾರ್‍ಯಾರು ಇರುತ್ತಾರೆ, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು ಎಲ್ಲವೂ ಕರಾರಿನಲ್ಲಿದೆ. ಕೀ ಕೊಡುವ ದಿನ ಇಬ್ಬರೂ ಸೇರಿ ಕೋಣೆ ಕೋಣೆಯ ಫೋಟೊ ತೆಗೆಯುತ್ತೇವೆ, ಮೀಟರ್ ರೀಡಿಂಗ್ ಬರೆದು ಸಹಿ ಹಾಕುತ್ತೇವೆ. ಬಾಡಿಗೆ ಬ್ಯಾಂಕ್ ಖಾತೆಗೇ ಬರಬೇಕು. ತಡವಾದರೆ ಮರುದಿನ ಮೆಸೇಜ್, 5ನೇ ದಿನ ಫೋನ್, 10ನೇ ದಿನ ಪತ್ರ. ಯಾರಾದರೂ ಇದೇ ಕ್ರಮ. ಸಿಟ್ಟು ಬಂದ ದಿನ ಜೋರು, ಕರುಣೆ ಬಂದ ದಿನ ಸುಮ್ನೆ, ಹಾಗಿಲ್ಲ.

ಇದರ ಬೆಲೆ ಗೊತ್ತಾಗಿದ್ದು ಒಬ್ಬರು ಮನೆ ಬಿಡುವಾಗ. ಅಡ್ವಾನ್ಸಿನಲ್ಲಿ ಒಂದು ಪೈಸೆಯೂ ಮುರಿಯಬಾರದು ಅಂತ ಬಾಗಿಲಲ್ಲೇ ಜಗಳ ಶುರು ಮಾಡಿದರು. ಮಾಸಿದ ಬಣ್ಣಕ್ಕೆ ನಾನೂ ಏನೂ ಕೇಳಲಿಲ್ಲ. ಮನೆಯಲ್ಲಿ ಜನ ಇದ್ದ ಮೇಲೆ ಬಣ್ಣ ಮಾಸುತ್ತದೆ. ಬಿರುಕು ಬಿಟ್ಟ ವಾಶ್‌ಬೇಸಿನ್ ಬೇರೆ ಮಾತು. ‘ಮೊದಲೇ ಇತ್ತು’ ಅಂದರು. ಅವರದ್ದೇ ಸಹಿ ಇದ್ದ ಫೋಟೊ ಕೊಟ್ಟೆ. ಸ್ವಲ್ಪ ಹೊತ್ತು ನೋಡಿದರು. “ಸರಿ, ಬೇಸಿನ್ನಿಂದು ಮುರ್ಕೊಳಿ” ಅಂದರು.

ಕೊಡಲೇಬಾರದು ಅಂತ ಕೂತವರನ್ನು ಯಾವ ಕರಾರೂ ತಡೆಯುವುದಿಲ್ಲ, ಅದು ನಿಜ. ಆದರೆ ವಕೀಲರ ಮುಂದೆ ಕೂತಾಗ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ಮನೆ ಹತ್ತಿರವಿದ್ದು ತಿಂಗಳಿಗೊಂದು ಸಂಜೆ ಬಿಡುವಿದ್ದರೆ ಈ ಮೂರನೆಯದನ್ನೇ ಮಾಡಿ. ದೂರ ಇದ್ದರೆ ಏಜೆಂಟ್ ಬೇಕೇ ಬೇಕು. ಆಗ ಬಾಡಿಗೆದಾರರಿಗೆ ನಿಮ್ಮ ನಂಬರನ್ನೂ ಕೊಟ್ಟಿರಿ. ರಿಪೇರಿಯ ಮೆಸೇಜ್ ಏಜೆಂಟ್‌ಗೆ ಹೋದಾಗ ನಿಮಗೂ ಬರಲಿ. ವರ್ಷಕ್ಕೆ ಎರಡು ಸಲ, ಮೊದಲೇ ಹೇಳಿ, ಖುದ್ದಾಗಿ ಹೋಗಿ. ಸಿಂಕಿನ ಕೆಳಗೂ ಒಮ್ಮೆ ಕೈಯಾಡಿಸಿ ನೋಡಿ.