ಸಿಎಸ್‌ಟೈಮರ್ ರಿವ್ಯೂ: ಸ್ಪೀಡ್‌ನವ್ರಿಗಿಂತ ಕಣ್ಣು ಕಟ್ಕೊಂಡು ಬಿಡಿಸೋರಿಗೇ ಇದು ಜಾಸ್ತಿ ಬೇಕು

ರೂಬಿಕ್ಸ್ ಕ್ಯೂಬ್ ಹಿಡಿದೋರಿಗೆಲ್ಲ ಸಿಎಸ್‌ಟೈಮರ್ ಅನ್ನೋ ಟೈಮ್ ಅಳೆಯೋ ವೆಬ್‌ಸೈಟ್ ಗೊತ್ತೇ ಇರುತ್ತೆ, ಅದಕ್ಕೆಂತ ರಿವ್ಯೂ ಅಂತ ಕೇಳ್ಬಹುದು. ಆದ್ರೆ ನಾನು ನೋಡಿದ ಮಟ್ಟಿಗೆ ನಮ್ ಕಡೆ ಹುಡುಗ್ರು ಅದನ್ನ ಬರೀ ಸ್ಟಾಪ್‌ವಾಚ್ ಮಾಡ್ಕೊಂಡಿದಾರೆ. ಸ್ಪೇಸ್‌ಬಾರ್ ಒತ್ತು, ಬಿಡು, ಕ್ಯೂಬ್ ಬಿಡಿಸು, ಮತ್ತೆ ಒತ್ತು, ಎವರೇಜ್ ನೋಡಿ ಸ್ಕ್ರೀನ್‌ಶಾಟ್ ಹಾಕು, ಮುಗೀತು. ಬ್ಲೈಂಡ್ (ಕಣ್ಣು ಕಟ್ಕೊಂಡು ಬಿಡಿಸೋದು) ಮಾಡೋರಿಗೆ ಇದರ ಒಳಗಡೆ ಏನೇನಿದೆ ಅನ್ನೋದು ಯಾರೂ ಸರಿಯಾಗಿ ಹೇಳಿದ್ದು ಕಾಣ್ಲಿಲ್ಲ, ಅದಕ್ಕೆ ಬರೀತಿದೀನಿ. ದುಡ್ಡಿಲ್ಲ, ಅಕೌಂಟ್ ಮಾಡ್ಲೇಬೇಕು ಅಂತಿಲ್ಲ, ಬ್ರೌಸರಲ್ಲಿ ತೆರೆದ್ರೆ ಆಯ್ತು. ಚೀನಾದ ಕ್ಯೂಬರ್ ಶುವಾಂಗ್ ಚೆನ್ ಅನ್ನೋರು ಮಾಡಿದ್ದು, ಓಪನ್ ಸೋರ್ಸ್.

ಮೊದಲು ನಮ್ಮೂರಿನ ಸಮಸ್ಯೆಯಿಂದ್ಲೇ ಶುರು ಮಾಡ್ತೀನಿ. ನಾನಿರೋದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ, ಮಳೆಗಾಲ ಹಿಡ್ಕಂಡ್ರೆ ಕರೆಂಟೂ ಇಲ್ಲ ನೆಟ್ಟೂ ಇಲ್ಲ, ಫೋನ್ ಮಾಡ್ಬೇಕಂದ್ರೆ ಅಂಗಳದ ಮೂಲೆಗೆ ಕೊಡೆ ಹಿಡ್ಕಂಡು ಹೋಗ್ಬೇಕು. ಇಂಥ ಜಾಗದಲ್ಲಿ ಯೂಟ್ಯೂಬ್ ನೋಡಿ ಕಲೀತೀನಿ ಅನ್ನೋದೆಲ್ಲ ಜೂನ್ ತನಕ ಮಾತ್ರ. ಸಿಎಸ್‌ಟೈಮರ್ ಒಂದ್ಸಲ ಪೂರ್ತಿ ಲೋಡ್ ಆಯ್ತಂದ್ರೆ ಆಮೇಲೆ ನೆಟ್ ಕೇಳಲ್ಲ, ಸ್ಕ್ರ್ಯಾಂಬಲ್ (ಕ್ಯೂಬ್ ಕದಡೋಕೆ ಕೊಡೋ ಮೂವ್‌ಗಳ ಸಾಲು) ಎಲ್ಲ ನಮ್ ಲ್ಯಾಪ್‌ಟಾಪಲ್ಲೇ ತಯಾರಾಗುತ್ತೆ. ಬ್ಯಾಟರಿ ಇರೋ ತನಕ ಪ್ರಾಕ್ಟೀಸ್. ಕರೆಂಟ್ ಹೋದ್ರೆ ಬ್ಲೈಂಡ್ ಮಾಡೋನಿಗೆಂತ ತೊಂದ್ರೆ ಅಂತ ತಮಾಷೆ ಮಾಡೋರಿದಾರೆ, ಸ್ವಾಮಿ, ನೆನಪಿಟ್ಕೊಳ್ಳೋಕೆ ಬೆಳಕು ಬೇಕು, ಆಮೇಲಿಂದಷ್ಟೇ ಕತ್ತಲೆ!

ಗೊತ್ತಿಲ್ದೇ ಇರೋರಿಗೆ ಒಂದು ಮಾತು. ಮಾಮೂಲಿ ಸ್ಪೀಡ್ ಸ್ಪರ್ಧೇಲಿ ಕ್ಯೂಬ್ ನೋಡ್ಕೊಳ್ಳೋಕೆ 15 ಸೆಕೆಂಡ್ ಕೊಡ್ತಾರೆ, ಇದಕ್ಕೆ ಇನ್‌ಸ್ಪೆಕ್ಷನ್ ಅಂತಾರೆ, ಅದು ಟೈಮಿಗೆ ಸೇರಲ್ಲ. ಬ್ಲೈಂಡಲ್ಲಿ ಹಂಗಿಲ್ಲ, ಕವರ್ ಎತ್ತಿದ ಕ್ಷಣದಿಂದ ಗಡಿಯಾರ ಓಡುತ್ತೆ, ನೋಡಿ ನೆನಪಿಟ್ಕೊಳ್ಳೋದೂ ಆ ಟೈಮಲ್ಲೇ, ಕಣ್ಣಿಗೆ ಪಟ್ಟಿ ಎಳ್ಕೊಂಡು ಬಿಡಿಸೋದೂ ಆ ಟೈಮಲ್ಲೇ. ಸಿಎಸ್‌ಟೈಮರಿನ ಸೆಟ್ಟಿಂಗಲ್ಲಿ ಇನ್‌ಸ್ಪೆಕ್ಷನ್ ಯಾವಾಗ್ಲೂ ಬೇಕು, ಬೇಡ್ವೇ ಬೇಡ ಅನ್ನೋ ಎರಡರ ಮಧ್ಯ 'ಬ್ಲೈಂಡ್ ಬಿಟ್ಟು ಉಳಿದಿದ್ದಕ್ಕೆ' ಅಂತ ಮೂರನೇದೊಂದಿದೆ. ಅದನ್ನ ಇಟ್ಬಿಟ್ರೆ ಎರಡೂ ಥರ ಆಡೋರು ಪ್ರತಿ ಸಲ ಸೆಟ್ಟಿಂಗ್ ತಿರುವ್ಬೇಕಾಗಿಲ್ಲ. ಸ್ಕ್ರ್ಯಾಂಬಲಲ್ಲೂ ಬ್ಲೈಂಡಿಗೆ ಬೇರೆ ಬಗೆ ಇದೆ, ಕೊನೇಲಿ ಎರಡು ಪದರ ಒಟ್ಟಿಗೆ ತಿರುಗಿಸೋ ಮೂವ್ ಸೇರಿಸಿರ್ತಾರೆ, ಹಂಗಾಗಿ ಬಿಳಿ ಮೇಲೆ ಹಸಿರು ಎದುರಿಗೆ ಅಂತ ನೆಮ್ಮದಿಯಾಗಿ ಕೂರೋಕಾಗಲ್ಲ, ಮೊದಲು ಕ್ಯೂಬನ್ನ ನಮ್ ದಿಕ್ಕಿಗೆ ತಿರುಗಿಸ್ಕೊಂಡೇ ಓದೋಕೆ ಶುರು ಮಾಡ್ಬೇಕು. ಸ್ಪರ್ಧೇಲೂ ಹಿಂಗೇ ಬರೋದು. ಮಾಮೂಲಿ ಸ್ಕ್ರ್ಯಾಂಬಲಲ್ಲಿ ಬ್ಲೈಂಡ್ ಪ್ರಾಕ್ಟೀಸ್ ಮಾಡೋರು ಈ ಅಭ್ಯಾಸ ಇಲ್ದೇನೇ ಅಲ್ಲಿಗೆ ಹೋಗಿ ನಿಂತ್ಕೋತಾರೆ.

ಈಗ ಅಸಲಿ ವಿಷಯ. ಟೈಮರ್ ಸೆಟ್ಟಿಂಗಲ್ಲಿ ಮಲ್ಟಿ ಫೇಸ್ ಅಂತ ಇದೆ, ಅದನ್ನ 2 ಮಾಡಿ. ಈಗ ಮೊದಲ ಸಲ ಕೀ ಒತ್ತಿದಾಗ ಟೈಮರ್ ನಿಲ್ಲಲ್ಲ, ಅಲ್ಲೀವರೆಗಿನ ಟೈಮನ್ನ ಗುರುತು ಹಾಕ್ಕೊಂಡು ಮುಂದಕ್ಕೆ ಓಡುತ್ತೆ. ಅಂದ್ರೆ ನೆನಪಿಟ್ಕೊಂಡಾದ್ಮೇಲೆ ಒಂದ್ಸಲ ಒತ್ತಿ ಪಟ್ಟಿ ಎಳ್ಕೊಳ್ಳೋದು, ಬಿಡಿಸಿದ್ಮೇಲೆ ಇನ್ನೊಂದ್ಸಲ ಒತ್ತೋದು, ಆಗ ಮೆಮೊ (ನೆನಪಿಟ್ಕೊಳ್ಳೋ ಟೈಮ್) ಎಷ್ಟು ಕೈಕೆಲಸ ಎಷ್ಟು ಅಂತ ಬೇರೆ ಬೇರೆ ಬರುತ್ತೆ. ಬ್ಲೈಂಡ್ ಶುರು ಮಾಡೋರಿಗೆಲ್ಲ ಕೈ ಸ್ಪೀಡಿಲ್ಲ ಅಂತ ಒಂದು ಗುಮಾನಿ, ಹೊಸ ಕ್ಯೂಬ್ ತಗೋತಾರೆ, ಮ್ಯಾಗ್ನೆಟ್ ಅಂತೆ ಮ್ಯಾಗ್ಲೆವ್ ಅಂತೆ, ಲ್ಯೂಬ್ ಹಾಕ್ತಾರೆ. ಈ ಎರಡು ನಂಬರ್ ಪಕ್ಕ ಪಕ್ಕ ನೋಡಿದ್ರೆ ಗೊತ್ತಾಗುತ್ತೆ, ಟೈಮ್ ಹೋಗ್ತಿರೋದು ಬೆರಳಲ್ಲಲ್ಲ, ತಲೇಲಿ. ನನ್ನ ಮೆಮೊ ಕೈಕೆಲಸದ ಎರಡರಷ್ಟು ಹತ್ರ ಇರ್ತಿತ್ತು, ಅದನ್ನ ನೋಡಿದ್ಮೇಲೆ ಕ್ಯೂಬ್ ಬದಲಾಯಿಸೋ ಯೋಚ್ನೆ ಬಿಟ್ಟು ಅಕ್ಷರದ ಕಡೆ ಗಮನ ಕೊಟ್ಟೆ. ಮೂರನೇ ಫೇಸ್ ಇಟ್ಟು ಎಡ್ಜ್ (ಅಂಚಿನ ತುಂಡು) ಕಾರ್ನರ್ (ಮೂಲೆ ತುಂಡು) ಬೇರೆ ಮಾಡ್ಬಹುದು, ಆದ್ರೆ ಕಣ್ಣು ಮುಚ್ಚಿ ಮಧ್ಯದಲ್ಲಿ ಕೀ ಹುಡುಕೋದು ಶುದ್ಧ ತಲೆನೋವು, ಎರಡು ಸಾಕು.

ಅಕ್ಷರ ಅಂದ್ರೆ, ಕ್ಯೂಬಲ್ಲಿ ಮಧ್ಯದ ಆರು ತುಂಡು ಜಾಗಕ್ಕೇ ಅಂಟ್ಕೊಂಡಿರುತ್ತೆ, ಓಡಾಡೋದು 12 ಎಡ್ಜ್ 8 ಕಾರ್ನರ್. ಎಡ್ಜಿಗೂ 24 ಬಣ್ಣದ ಮುಖ, ಕಾರ್ನರಿಗೂ 24, ಒಂದೊಂದಕ್ಕೂ ಒಂದಕ್ಷರ. ಜಗತ್ತೆಲ್ಲ ಇಂಗ್ಲಿಷಿನ ಎ ಇಂದ ಎಕ್ಸ್ ತನಕ ಇಟ್ಕೋತಾರೆ, ಸ್ಪೆಫ್ಜ್ ಅಂತಾರೆ ಅದಕ್ಕೆ. ತುಂಡುಗಳು ಹೋಗ್ಬೇಕಾದ ಜಾಗದ ಅಕ್ಷರಗಳನ್ನ ಎರಡೆರಡು ಜೋಡಿ ಮಾಡಿ, ಒಂದೊಂದು ಜೋಡಿಗೂ ಒಂದು ಚಿತ್ರ ಕಟ್ಟಿ ನೆನಪಿಟ್ಕೊಳ್ಳೋದು. ನನಗೆ ಆ ಇಂಗ್ಲಿಷ್ ಜೋಡಿಗಳಿಂದ ಚಿತ್ರಾನೇ ಹುಟ್ಟಲ್ಲ. ಹಂಗಾಗಿ ಕನ್ನಡದಲ್ಲೇ ಒಂದೊಂದು ಮುಖಕ್ಕೆ ನಾಲ್ಕು ಕೊಟ್ಟೆ: ಕಗಚಜ, ಟಡತದ, ನಪಬಮ, ಯರಲವ, ಶಸಹಅ, ಇಉಎಒ. ಸರಿಯಾಗಿ 24. ಅ ಮತ್ತೆ ಡ ಬಂತು, ಅಡಿಕೆ. ಉ ಮತ್ತೆ ಬ, ಉಂಬಳ (ಜಿಗಣೆ). ಬ ಮತ್ತೆ ಸ, ಬಸ್ಸು. ಅಡಿಕೆ ಮರದಿಂದ ಉಂಬಳ ಉದುರಿ ಬಸ್ ಹತ್ತಿ ಕಿಟಕಿ ಸೀಟಲ್ಲಿ ಕೂತ್ಕೊಳ್ತು, ಆರಕ್ಷರ ಆಯ್ತಲ್ಲ, ಮರೆಯೋದು ಹೆಂಗೆ? ಒಂದು ಕ್ಯೂಬಿಗೆ ಸುಮಾರು ಇಪ್ಪತ್ತು ಅಕ್ಷರ, ಹತ್ತು ಜೋಡಿ. ಈ ಸಿನಿಮಾನ ನಾನು ಗೋಪಿ ಸರ್ಕಲ್, ದುರ್ಗಿಗುಡಿ, ಗಾಂಧಿ ಬಜಾರ್ ಹಿಂಗೆ ಶಿವಮೊಗ್ಗದ ಜಾಗಗಳಲ್ಲಿ ಬಿಡ್ತಾ ಹೋಗ್ತೀನಿ. ಒಂದೇ ಕ್ಯೂಬಿಗೆ ಇಷ್ಟೆಲ್ಲ ಬೇಕಾಗಿಲ್ಲ, ಕೊನೇ ಒಂದೆರಡು ಜೋಡಿನ ಬಾಯಲ್ಲೇ ಗೊಣಗ್ಕೊಂಡ್ರೂ ಆಗುತ್ತೆ, ಆದ್ರೆ ಮಲ್ಟಿ ಬ್ಲೈಂಡಿಗೆ (ಸುಮಾರು ಕ್ಯೂಬ್ ಒಟ್ಟಿಗೆ ನೆನಪಿಟ್ಕೊಂಡು ಬಿಡಿಸೋದು) ಜಾಗ ಇಲ್ದೇ ಕಷ್ಟ. 2022ರಲ್ಲಿ ಅಮೆರಿಕದ ಗ್ರಹಾಂ ಸಿಗ್ಗಿನ್ಸ್ ಒಂದು ಗಂಟೆ ಮಿತಿಯಲ್ಲಿ 65 ಕ್ಯೂಬ್ ನೆನಪಿಟ್ಕೊಂಡು 62 ಸರಿ ಬಿಡಿಸಿದಾರೆ, ಅವರ ಊರು ಎಷ್ಟು ದೊಡ್ಡದಿರಬೇಕು!

ಗೊಣಗೋದಕ್ಕೆ ಮಳೆಗಾಲದಲ್ಲಿ ಇನ್ನೊಂದು ಅಡ್ಡಿ, ಮನೆ ಮುಂದಿನ ತಗಡಿನ ಶೀಟ್ ಮೇಲೆ ಮಳೆ ಶುರುವಾಯ್ತಂದ್ರೆ ನಮ್ ಮಾತು ನಮಗೇ ಕೇಳಲ್ಲ. ಜೊತೆಗೆ ಅಮ್ಮ. ಅವಧಾನದಲ್ಲಿ ಅಪ್ರಸ್ತುತ ಪ್ರಸಂಗಿ ಅಂತ ಒಬ್ರನ್ನ ಗಮನ ಕೆಡಿಸೋಕೆ ಬೇಕಂತ್ಲೇ ಕೂರಿಸಿರ್ತಾರಲ್ಲ, ನಮ್ಮನೇಲಿ ಆ ಸೀಟು ಖಾಲಿ ಇಲ್ಲ. "ಎಂತದೋ ಮಾರಾಯ ಅದು ಕಣ್ಣು ಕಟ್ಕಂಡು, ಹಂಡೆಗೆ ನೀರು ತುಂಬಿದೀಯ?" ಅಲ್ಲಿಗೆ ಉಂಬಳ ಬಸ್ಸಿಂದ ಇಳಿದು ಹೋಯ್ತು. ಸ್ಪರ್ಧೆಗೆ ಹೋಗೋರು ಸದ್ದು ತಡೆಯೋ ಇಯರ್ ಮಫ್ ಹಾಕ್ಕೋತಾರೆ, ಅಮ್ಮನ ಮುಂದೆ ಅದನ್ನ ಹಾಕ್ಕೊಳ್ಳೋ ಧೈರ್ಯ ನನಗಿಲ್ಲ.

ಹಿಂಗೆ ಎಡವಟ್ಟಾದ್ಮೇಲೆ ಸಿಎಸ್‌ಟೈಮರಿನ ಇನ್ನೊಂದು ಉಪಕಾರ ಇದೆ. ಟೂಲ್ಸಲ್ಲಿ ಬ್ಲೈಂಡ್ ಹೆಲ್ಪರ್ ತೆರೆದ್ರೆ ಈಗಿನ ಸ್ಕ್ರ್ಯಾಂಬಲಿಗೆ ಎಡ್ಜ್ ಕಾರ್ನರ್ ಎರಡರ ಅಕ್ಷರ ಸಾಲೂ ಕಾಣುತ್ತೆ, ನಾವು ಓದಿದ್ದೇ ತಪ್ಪೋ, ಓದಿದ್ದು ಸರಿ ಇದ್ದು ಕೈ ತಪ್ಪಿದ್ದೋ ಅಂತ ಅಲ್ಲೇ ತೀರ್ಮಾನ. ನನಗೆ ಅದನ್ನ ಕನ್ನಡಕ್ಕೆ ತಿರುಗಿಸ್ಕೊಳ್ಳೋ ಕೆಲಸ ಒಂದು ಜಾಸ್ತಿ. ಪಾರಿಟಿ ಬಂದಿತ್ತಾ ಅನ್ನೋದೂ ಅಲ್ಲೇ ಗೊತ್ತಾಗುತ್ತೆ, ಎಡ್ಜಿನ ಅಕ್ಷರಗಳ ಲೆಕ್ಕ ಬೆಸ ಬಂದ್ರೆ ಪಾರಿಟಿ, ಅದನ್ನ ಸರಿ ಮಾಡೋಕೆ ಇನ್ನೊಂದಿಷ್ಟು ಮೂವ್ ಬೇಕು, ಅರ್ಧ ಸ್ಕ್ರ್ಯಾಂಬಲಲ್ಲಿ ಬರುತ್ತೆ, ಓಲ್ಡ್ ಪೋಕ್‌ಮನ್ ಅನ್ನೋ ಬ್ಲೈಂಡ್ ಪದ್ಧತೀಲಿ ಬಿಡಿಸೋರು ಎಡ್ಜ್ ಮುಗಿಸಿ ಕಾರ್ನರಿಗೆ ಹೋಗೋ ಮುಂಚೆ ಇದನ್ನ ಮರೆತ್ರೆ ಎಲ್ಲ ಸರಿ ಇದ್ದೂ ಡಿಎನ್ಎಫ್, ಅಂದ್ರೆ ಬಿಡಿಸಿದ್ದು ಲೆಕ್ಕಕ್ಕಿಲ್ಲ. ಬರೀ ಕಾರ್ನರ್ ಕದಡಿರೋ, ಬರೀ ಎಡ್ಜ್ ಕದಡಿರೋ ಸ್ಕ್ರ್ಯಾಂಬಲ್ಲೂ ಸಿಗುತ್ತೆ, ಹೊಸಬರು ಮೊದಲು ಕಾರ್ನರಿಂದ್ಲೇ ಶುರು ಮಾಡಿ ಅಂತೀನಿ. ಎವರೇಜ್ ಕಡೆ ಮಾತ್ರ ನೋಡ್ಬೇಡಿ, ಐದರಲ್ಲಿ ಎರಡು ಡಿಎನ್ಎಫ್ ಆದ್ರೆ ಆ ಎವರೇಜೇ ಡಿಎನ್ಎಫ್, ಶುರುವಿನ ತಿಂಗಳೆಲ್ಲ ಆ ಕಾಲಂ ಪೂರ್ತಿ ಡಿಎನ್ಎಫ್ ಡಿಎನ್ಎಫ್ ಅಂತ ಬೈತಾ ಇರುತ್ತೆ.

ಸ್ಪೀಡಿನವ್ರ ಬಗ್ಗೆ ಚಿಕ್ಕದಾಗಿ. ಶಿವಮೊಗ್ಗದಲ್ಲಿರೋ ಅಕ್ಕನ ಮಗ ಸಿಎಫ್ಓಪಿ ಅನ್ನೋ ಸ್ಪೀಡ್ ಪದ್ಧತೀಲಿ ಬಿಡಿಸ್ತಾನೆ, ಕೊನೇ ಪದರದ 57 ಓಎಲ್ಎಲ್ (ಮೇಲಿನ ಬಣ್ಣ ಸರಿ ಮಾಡೋದು), 21 ಪಿಎಲ್ಎಲ್ (ತುಂಡುಗಳ ಜಾಗ ಸರಿ ಮಾಡೋದು) ಬಾಯಿಪಾಠ. ಅವನಿಗೆ ಇದರಲ್ಲಿ ಇಷ್ಟ ಆಗಿದ್ದು ಬರೀ ಪಿಎಲ್ಎಲ್ ಬರೋ ಹಂಗೆ ಸ್ಕ್ರ್ಯಾಂಬಲ್ ಕೇಳ್ಬಹುದು ಅನ್ನೋದು, ಮತ್ತೆ ಟೈಮರ್ ಓಡೋವಾಗ ಅಂಕಿ ಕಾಣದ ಹಂಗೆ ಮುಚ್ಚಿಡ್ಬಹುದು ಅನ್ನೋದು. ಎರಡನೇದು ನಿಜವಾಗ್ಲೂ ಒಳ್ಳೇದು, ಅಂಕಿ ನೋಡ್ತಾ ಬಿಡಿಸಿದ್ರೆ ಕೊನೇ ಪದರದಲ್ಲಿ ಕೈ ನಡುಗುತ್ತೆ. 2023ರಲ್ಲಿ ಅಮೆರಿಕದ ಕ್ಯೂಬರ್ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಲ್ಲಿ ಮುಗಿಸಿದ ವಿಡಿಯೋನ ಅವನು ನನಗೆ ಎಷ್ಟು ಸಲ ತೋರಿಸಿದಾನೋ, ನಾನು ಅಷ್ಟೊತ್ತಿಗೆ ಮೊದಲ ಅಕ್ಷರ ಓದಿರಲ್ಲ.

ಬೈಯೋದು ಏನೂ ಇಲ್ವಾ ಅಂದ್ರೆ, ಇದೆ. ಸೆಟ್ಟಿಂಗ್ಸ್ ಒಂದು ಕಾಡು. ಬೇಕಾಗಿದ್ದು ಒಳಗೆಲ್ಲೋ ಇರುತ್ತೆ ಅಂತ ಗೊತ್ತು, ಸಿಗೋದು ಹತ್ತು ನಿಮಿಷ ಆದ್ಮೇಲೆ. ನೋಡೋಕೂ ಅಂಥ ಚಂದ ಏನಿಲ್ಲ, ಮೊದಲ ಸಲ ತೆರೆದೋರು ಹೆದರ್ಕೊಂಡು ಮುಚ್ಚಿದ್ರೆ ಆಶ್ಚರ್ಯ ಇಲ್ಲ. ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಹೋಗಿದ್ದು ಪೂರ್ತಿ ಇದಕ್ಕೇ. ಟೈಮ್‌ಗಳೆಲ್ಲ ಬ್ರೌಸರಲ್ಲೇ ಕೂತಿರುತ್ತೆ, ಯಾರಾದ್ರೂ ಜಾಗ ಖಾಲಿ ಮಾಡ್ತೀನಂತ ಬ್ರೌಸರ್ ಡೇಟಾ ಒರೆಸಿದ್ರೆ ಎಲ್ಲ ಮಾಯ, ಎಕ್ಸ್‌ಪೋರ್ಟಿಗೆ ಹೋಗಿ ಫೈಲ್ ಮಾಡಿ ಆಗಾಗ ಇಟ್ಕೊಳ್ಳಿ.

ಮೊಬೈಲಲ್ಲೂ ನಡೆಯುತ್ತೆ, ಸ್ಪೀಡಿಗೆ ತೊಂದ್ರೆ ಇಲ್ಲ. ಬ್ಲೈಂಡಿಗೆ ಮಾತ್ರ ನಾನು ಬೇಡ ಅಂತೀನಿ. ಪಟ್ಟಿ ಕಟ್ಕೊಂಡು ನುಣ್ಣಗಿರೋ ಗಾಜಿನ ಮೇಲೆ ಎಲ್ಲಿ ಮುಟ್ಟೋದು, ಅದೂ ಮಳೆಗಾಲದ ತೇವದ ಕೈಯಲ್ಲಿ? ಲ್ಯಾಪ್‌ಟಾಪ್ ಇಲ್ದಿದ್ರೆ ಹಳೇ ಯುಎಸ್‌ಬಿ ಕೀಬೋರ್ಡನ್ನ ಓಟಿಜಿ ಕೇಬಲಲ್ಲಿ ಫೋನಿಗೆ ಹಾಕಿ, ಸ್ಪೇಸ್‌ಬಾರ್ ಅಷ್ಟುದ್ದ ಇರುತ್ತೆ, ಕಣ್ಣು ಬೇಕಾಗಲ್ಲ.